ಪಿಡಿಎಫ್, ಪೈರಸಿ ಮತ್ತು ನಾವು: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ಹಕ್ಕುಸ್ವಾಮ್ಯ ಮುಗಿದ ಹಳೆಯ ಕೃತಿಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡುವ ಕೆಲಸದಲ್ಲೂ ಕೈಜೋಡಿಸುತ್ತೇನೆ. ಹಾಗಾಗಿ "ಆ ಪುಸ್ತಕದ ಪಿಡಿಎಫ್ ಇದ್ರೆ ಕಳಿಸಿ ಸಾರ್" ಎನ್ನುವವರೂ ನನ್ನನ್ನೇ ಕೇಳುತ್ತಾರೆ, "ನನ್ನ ಪುಸ್ತಕದ ಪಿಡಿಎಫ್ ಎಲ್ಲ ಕಡೆ ಓಡಾಡ್ತಿದೆ, ಏನು ಮಾಡ್ಲಿ" ಎನ್ನುವವರೂ ನನ್ನನ್ನೇ ಕೇಳುತ್ತಾರೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳು ಭಾರತದ ಕಾನೂನಿಗೆ, ಮುಖ್ಯವಾಗಿ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ ಸಂಬಂಧಿಸಿದವು. ನಿಮ್ಮ ಮೇಲೆ ಕೇಸು ದಾಖಲಾಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ವಕೀಲರನ್ನು ಕಾಣಿ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಓದುಗರಿಗೆ, ವಿದ್ಯಾರ್ಥಿಗಳಿಗೆ, ಗ್ರಂಥಾಲಯಗಳಿಗೆ ಕಾನೂನು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಅವಕಾಶ ಕೊಟ್ಟಿದೆ. ಅದನ್ನು ಬಳಸುವ ಗೋಜಿಗೇ ಹೋಗದೆ ಕದ್ದ ಪ್ರತಿಯನ್ನೇ ರೂಢಿ ಮಾಡಿಕೊಂಡರೆ, ಕನ್ನಡದಂಥ ಪುಟ್ಟ ಮಾರುಕಟ್ಟೆಯಲ್ಲಿ ಬರೆಯುವವರೂ ಅಚ್ಚು ಹಾಕಿಸುವವರೂ ಹೆಚ್ಚು ಕಾಲ ಉಳಿಯುವುದಿಲ್ಲ.

## ಮೊದಲಿಗೆ

ವಾಟ್ಸಾಪ್ ಗ್ರೂಪಲ್ಲಿ ಯಾರೋ ಕಾದಂಬರಿಯ ಪಿಡಿಎಫ್ ಹಾಕಿದ್ರು. ನಾನಂತೂ ಕೇಳಿರ್ಲಿಲ್ಲ. ಇಟ್ಕೊಂಡ್ರೆ ತಪ್ಪಾ?

ತಾನಾಗಿ ಬಂದು ಬಿದ್ದ ಫೈಲಿನ ವಿಚಾರಕ್ಕೆ ಯಾರೂ ನಿಮ್ಮ ಮನೆ ಬಾಗಿಲು ತಟ್ಟುವುದಿಲ್ಲ. ನಿಜವಾದ ಹೊಣೆ ಶುರುವಾಗುವುದು ನೀವು ಅದನ್ನು ಮುಂದಕ್ಕೆ ಕಳಿಸಿದಾಗ. ಪ್ರತಿ ಮಾಡುವುದು, ಹಂಚುವುದು, ಸಾರ್ವಜನಿಕರಿಗೆ ತಲುಪಿಸುವುದು ಹಕ್ಕುದಾರರಿಗೆ ಮಾತ್ರ ಸೇರಿದ ಅಧಿಕಾರ ಎಂದು ಸೆಕ್ಷನ್ 14 ಹೇಳುತ್ತದೆ. ಇನ್ನೂರು ಜನರಿರುವ ಗುಂಪಿಗೆ ಒಂದು ಸಲ ಕಳಿಸಿದರೆ ಇನ್ನೂರು ಪ್ರತಿ ಹಂಚಿದ ಹಾಗೆ.

ಫೈಲು ಎಂಥದ್ದು ಎಂಬುದು ಅದನ್ನು ತೆರೆದರೆ ಸಾಕು, ಗೊತ್ತಾಗುತ್ತದೆ. ಓರೆಯಾಗಿ ಬಂದ ಪುಟಗಳು, ಮೂಲೆಯಲ್ಲಿ ಸ್ಕ್ಯಾನ್ ಮಾಡಿದವರ ಹೆಬ್ಬೆರಳು, ಯಾವುದೋ ಗ್ರಂಥಾಲಯದ ನೀಲಿ ಮೊಹರು, ಪ್ರತಿ ಪುಟದ ಅಡಿಯಲ್ಲೂ ಯಾವುದೋ ಚಾನೆಲ್ಲಿನ ಹೆಸರು. ಪ್ರಕಾಶಕರ ವಿಳಾಸ, ಮುದ್ರಣದ ವರ್ಷ, ಹಕ್ಕುಗಳ ವಿವರ ಇರುವ ಎರಡನೇ ಪುಟ ಮಾತ್ರ ಕಾಣೆ. ಆ ಪುಟ ತಾನಾಗಿ ಕಳೆದುಹೋಗಿರುವುದಿಲ್ಲ.

ಪುಸ್ತಕದಲ್ಲಿ ಕಾಪಿರೈಟ್ ಅಂತ ಎಲ್ಲೂ ಹಾಕಿಲ್ಲ. ರಿಜಿಸ್ಟರ್ ಮಾಡಿಸದೇ ಇದ್ರೆ ಹಕ್ಕು ಇರಲ್ಲ ಅಲ್ವಾ?

ಇರುತ್ತದೆ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕೇವಲ ಒಂದು ಸಾಕ್ಷ್ಯ, ಕಡ್ಡಾಯವಲ್ಲ. ಹೊರದೇಶದ ಕೃತಿಗಳಿಗೂ ಇಲ್ಲಿ ಇದೇ ರಕ್ಷಣೆ ಇದೆ. ಒಂದು ದೇಶದ ಕೃತಿಗೆ ಇನ್ನೊಂದು ದೇಶದಲ್ಲೂ ರಕ್ಷಣೆ ಕೊಡಿಸುವ ಬರ್ನ್ ಒಪ್ಪಂದಕ್ಕೆ ಭಾರತ 1928ರಿಂದಲೂ ಬದ್ಧ.

ಪೈರಸಿ ಸೈಟಲ್ಲಿ ಸಿನಿಮಾ ನೋಡಿದ್ರೆ ಪೊಲೀಸ್ನೋರು ಹಿಡ್ಕೊಂಡು ಹೋಗ್ತಾರಾ?

ಬರೀ ನೋಡಿದ್ದಕ್ಕೆ ಹೋಗುವುದಿಲ್ಲ. ಕೆಲವು ವರ್ಷಗಳ ಹಿಂದೆ, ನಿರ್ಬಂಧಿತ ಸೈಟು ತೆರೆದರೆ "ನೋಡುವುದೂ ಶಿಕ್ಷಾರ್ಹ ಅಪರಾಧ" ಎಂಬ ಅರ್ಥದ ಎಚ್ಚರಿಕೆ ಕಾಣಿಸುತ್ತಿತ್ತು. 2016ರಲ್ಲಿ 'ಡಿಶೂಮ್' ಚಿತ್ರದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಅದು ಸರಿಯಲ್ಲ ಎಂದರು. ಅಪರಾಧವಿರುವುದು ಅನುಮತಿಯಿಲ್ಲದೆ ಹಂಚುವುದರಲ್ಲಿ, ಸಾರ್ವಜನಿಕವಾಗಿ ಪ್ರದರ್ಶಿಸುವುದರಲ್ಲಿ, ಮಾರಾಟಕ್ಕೋ ಬಾಡಿಗೆಗೋ ಕೊಡುವುದರಲ್ಲಿ. ನೋಡುವುದರಲ್ಲಲ್ಲ ಎಂದು ಸ್ಪಷ್ಟಪಡಿಸಿದರು.

ಇದನ್ನು ಕೇಳಿ ನಿಟ್ಟುಸಿರು ಬಿಡುವವರಿಗೆ ಒಂದು ಮಾತು. ಟೊರೆಂಟ್ ಬಳಸುವವರು ನೋಡುಗರಷ್ಟೇ ಅಲ್ಲ. ಫೈಲು ಇಳಿಯುತ್ತಿರುವಾಗಲೇ ಅದರ ತುಣುಕುಗಳು ನಿಮ್ಮ ಕಂಪ್ಯೂಟರಿನಿಂದ ಬೇರೆಯವರಿಗೆ ಹೋಗುತ್ತಿರುತ್ತವೆ. ಅಲ್ಲಿಗೆ ನೀವೂ ಹಂಚುವವರ ಸಾಲಿಗೆ ಸೇರಿದಿರಿ.

ನಾನೇನು ದುಡ್ಡು ಮಾಡ್ಕೊಂಡಿಲ್ಲ. ಸುಮ್ನೆ ಲಿಂಕ್ ಶೇರ್ ಮಾಡ್ದೆ ಅಷ್ಟೇ. ಅದಕ್ಕೂ ಕೇಸಾ?

ಆಗಬಹುದು. ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗಷ್ಟೇ ಅಲ್ಲ, ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಸೆಕ್ಷನ್ 63ರಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲ ಎಂದಾದರೆ ನ್ಯಾಯಾಲಯ ವಿಶೇಷ ಕಾರಣ ದಾಖಲಿಸಿ ಶಿಕ್ಷೆ ಕಡಿಮೆ ಮಾಡಬಹುದು. ಅಂದರೆ "ದುಡ್ಡು ಮಾಡಿಲ್ಲ" ಎಂಬ ಮಾತು ಶಿಕ್ಷೆಯ ಪ್ರಮಾಣ ತಗ್ಗಿಸೀತು, ಅಪರಾಧವನ್ನೇ ಅಳಿಸುವುದಿಲ್ಲ. ಈ ಅಪರಾಧಕ್ಕೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದು, ಇದು ಜಾಮೀನು ರಹಿತ ಎಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಹೇಳಿದೆ.

2019ರಲ್ಲಿ 'ಪೈಲ್ವಾನ್' ತೆರೆಗೆ ಬಂದ ಬೆನ್ನಿಗೇ ಕಳ್ಳಪ್ರತಿ ಹರಿದಾಡಿದಾಗ, ಲಿಂಕ್ ಹಂಚಿದ ಆರೋಪದ ಮೇಲೆ ಸಿಸಿಬಿ ಪೊಲೀಸರು ಯುವಕನೊಬ್ಬನನ್ನು ಬಂಧಿಸಿದ್ದರು. ಅಭಿಮಾನಿಗಳ ಜಗಳದಲ್ಲಿ ಎದುರಾಳಿ ನಟನ ಸಿನಿಮಾಕ್ಕೆ ಪೆಟ್ಟು ಕೊಡಲೆಂದೇ ಲಿಂಕ್ ಹಂಚುವ ಹುಡುಗರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಟನಿಗೆ ಅದರಿಂದ ಏನೂ ಆಗುವುದಿಲ್ಲ, ಅವರ ಸಂಭಾವನೆ ಆಗಲೇ ಕೈ ಸೇರಿರುತ್ತದೆ. ಏಟು ಬೀಳುವುದು ಸಾಲ ಮಾಡಿದ ನಿರ್ಮಾಪಕರಿಗೆ, ಊರಿನ ಒಂಟಿ ಪರದೆಯ ಚಿತ್ರಮಂದಿರಕ್ಕೆ, ಮತ್ತು ಜಾಮೀನಿಗೆ ಓಡಾಡುವ ಆ ಹುಡುಗನ ಅಪ್ಪ ಅಮ್ಮನಿಗೆ.

## ಪುಸ್ತಕಗಳ ವಿಚಾರ

ಕುವೆಂಪು, ಬೇಂದ್ರೆ ಅಂದ್ರೆ ಇಡೀ ನಾಡಿನ ಆಸ್ತಿ. ಅವರ ಪುಸ್ತಕ ಹಂಚೋಕೂ ಯಾರನ್ನೋ ಕೇಳ್ಬೇಕಾ?

ಸದ್ಯಕ್ಕೆ ಕೇಳಬೇಕು. ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿ 1ರಿಂದ ಎಣಿಸಿ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮೊದಲು ಇದು 50 ವರ್ಷ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ, 1992ರಲ್ಲಿ ತಿದ್ದುಪಡಿ ಮಾಡಿ ಹತ್ತು ವರ್ಷ ಸೇರಿಸಿದರು.

ಈ ಲೆಕ್ಕ ಕನ್ನಡಕ್ಕೆ ಹಾಕಿ ನೋಡಿ. ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಹಾಗಾಗಿ 2035ರ ಕೊನೆಯವರೆಗೆ. ಬೇಂದ್ರೆಯವರದು 2041ರವರೆಗೆ, ಮಾಸ್ತಿಯವರದು 2046ರವರೆಗೆ, ಕುವೆಂಪು ಅವರದು 2054ರವರೆಗೆ, ಕಾರಂತರದು 2057ರವರೆಗೆ. ಇನ್ನೊಂದು ಕಡೆ ಮುದ್ದಣ, ಪಂಜೆ ಮಂಗೇಶರಾಯರು, ಗಳಗನಾಥರು, ಬಿ.ಎಂ.ಶ್ರೀ, ಕೈಲಾಸಂ ಬದುಕಿದ್ದಾಗ ಪ್ರಕಟಿಸಿದ್ದೆಲ್ಲ ಈಗ ಎಲ್ಲರದು. 1963ರಲ್ಲಿ ಅಗಲಿದ ಮಂಜೇಶ್ವರದ ಗೋವಿಂದ ಪೈಗಳ ಮತ್ತು ತ್ರಿವೇಣಿಯವರ ಕೃತಿಗಳು 2024ರ ಜನವರಿ 1ರಿಂದ ಮುಕ್ತ. ಅವನ್ನು ನೀವು ಸ್ಕ್ಯಾನ್ ಮಾಡಬಹುದು, ಟೈಪ್ ಮಾಡಬಹುದು, ಅಚ್ಚು ಹಾಕಿಸಿ ಮಾರಲೂಬಹುದು. ಯಾರದೂ ಅಪ್ಪಣೆ ಬೇಡ. ತ್ರಿವೇಣಿಯವರ ಕಾದಂಬರಿಗಳು ಮುಕ್ತವಾದ ಸಂಗತಿ ಅವರನ್ನು ಪ್ರೀತಿಸುವ ಎಷ್ಟೋ ಓದುಗರಿಗೇ ಗೊತ್ತಿಲ್ಲ. ಕದ್ದ ಪಿಡಿಎಫ್ ಹುಡುಕುವ ಹುಮ್ಮಸ್ಸಿನ ಕಾಲುಭಾಗ ಈ ಪಟ್ಟಿಯ ಕಡೆ ತಿರುಗಿದರೂ ಸಾಕು.

ಒಂದು ಎಚ್ಚರಿಕೆ: ಮೂಲ ಮುಕ್ತವಾಗಿದ್ದರೂ ಅದಕ್ಕೆ ಇತ್ತೀಚಿನವರು ಬರೆದ ಮುನ್ನುಡಿ, ಟಿಪ್ಪಣಿ, ಗದ್ಯಾನುವಾದಕ್ಕೆ ಬೇರೆಯೇ ಹಕ್ಕಿರುತ್ತದೆ. ಪಂಪ ಎಲ್ಲರವನು, ಪಂಪಭಾರತಕ್ಕೆ ಈಚೆಗೆ ಬಂದ ವ್ಯಾಖ್ಯಾನ ಅದನ್ನು ಬರೆದವರದು.

ಪುಸ್ತಕ ಎಲ್ಲೂ ಸಿಗ್ತಿಲ್ಲ. ಇಪ್ಪತ್ತು ವರ್ಷದಿಂದ ಮರುಮುದ್ರಣ ಇಲ್ಲ. ನಾನು ಸ್ಕ್ಯಾನ್ ಮಾಡಿ ಹಾಕಿದ್ರೆ ಅದು ಕನ್ನಡದ ಸೇವೆ ಅಲ್ವಾ?

ನನ್ನನ್ನು ಅತಿ ಹೆಚ್ಚು ಕಾಡುವ ಪ್ರಶ್ನೆ ಇದು. ಕೇಳುವವರು ಕಳ್ಳರಲ್ಲ, ಪುಸ್ತಕವನ್ನು ನಿಜವಾಗಿ ಪ್ರೀತಿಸುವವರು. ಒಂದು ಸಾವಿರ ಪ್ರತಿ ಅಚ್ಚಾಗಿ ಮುಗಿದು ಮತ್ತೆಂದೂ ಬಾರದ ಕಾದಂಬರಿಗಳು, ಸಂಶೋಧನಾ ಗ್ರಂಥಗಳು ಕನ್ನಡದಲ್ಲಿ ಲೆಕ್ಕವಿಲ್ಲದಷ್ಟಿವೆ. ಪ್ರಕಾಶನ ಮುಚ್ಚಿರುತ್ತದೆ, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ, ಉಳಿದ ಪ್ರತಿಗಳಿಗೆ ಗೆದ್ದಲು. ಸಿಗದ ಪುಸ್ತಕವನ್ನು ಉಳಿಸುವುದು, ಕೊಳ್ಳಲು ಸಿಗುವ ಪುಸ್ತಕವನ್ನು ಕದಿಯುವುದು ನೈತಿಕವಾಗಿ ಒಂದೇ ಅಲ್ಲ. ಆದರೆ ಕಾನೂನು ಈ ಎರಡನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ. ಮಾರಾಟದಲ್ಲಿ ಇಲ್ಲ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ನೀವು ಸಾರ್ವಜನಿಕ ಗ್ರಂಥಾಲಯ ನಡೆಸುವವರಾದರೆ, ನಿಮ್ಮಲ್ಲಿ ಈಗಾಗಲೇ ಇರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು ಸೆಕ್ಷನ್ 52 ಬಿಡುತ್ತದೆ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಗ್ರಂಥಾಲಯದ ಬಳಕೆಗೆ ಮಾಡಿಕೊಳ್ಳಬಹುದು. ಲಾಭದ ಉದ್ದೇಶವಿಲ್ಲದ ಗ್ರಂಥಾಲಯಗಳಿಗೆ ಮಾತ್ರ ಇದು ಅನ್ವಯ. ಕೃತಿಯನ್ನು ಮರುಮುದ್ರಿಸಲು ಹಕ್ಕುದಾರರು ಒಪ್ಪದೆ ಜನರಿಗೆ ಸಿಗದಂತಾಗಿದ್ದರೆ ಸೆಕ್ಷನ್ 31ರಡಿ, ಲೇಖಕರು ತೀರಿಕೊಂಡಿದ್ದರೆ ಅಥವಾ ಹಕ್ಕುದಾರರು ಯಾರೆಂದೇ ಪತ್ತೆಯಾಗದಿದ್ದರೆ 31ಎ ಅಡಿ ಪರವಾನಗಿಗೆ ಅರ್ಜಿ ಹಾಕಲು ದಾರಿ ಇದೆ. ದಾರಿ ಉದ್ದ, ಖರ್ಚಿನದು. ಊರಿನ ಒಬ್ಬ ಸಾಹಿತ್ಯಾಸಕ್ತರು ಒಬ್ಬರೇ ನಡೆದು ಮುಗಿಸುವಂಥದ್ದಲ್ಲ. ಇದು ಕಾಯ್ದೆಯ ದೊಡ್ಡ ಕೊರತೆ ಎಂದೇ ನಾನು ನಂಬಿದ್ದೇನೆ.

ಎಲ್ಲಕ್ಕಿಂತ ಸುಲಭದ ದಾರಿಯನ್ನು ಜನ ಹಿಡಿಯುವುದೇ ಇಲ್ಲ: ಮನೆಯವರನ್ನು ಕೇಳುವುದು. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಪ್ರಕಾಶಕರಿಗೆ ಕೊಟ್ಟ ಹಕ್ಕು ಐದು ವರ್ಷಕ್ಕೆ ಮುಗಿಯುತ್ತದೆ ಎಂದು ಸೆಕ್ಷನ್ 19 ಹೇಳುತ್ತದೆ. ಕಾಗದಪತ್ರವೇ ಇಲ್ಲದೆ ಬಾಯಿಮಾತಿನಲ್ಲಿ ಪುಸ್ತಕ ಹೊರಬಂದಿದ್ದರೆ ಹಕ್ಕು ಲೇಖಕರ ಕುಟುಂಬದಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು. ನಿರಂಜನರ ಅನೇಕ ಕೃತಿಗಳನ್ನು ಅವರ ಕುಟುಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಹಾಗೆಯೇ ಬಿಡುಗಡೆ ಮಾಡಿತು. "ನಮ್ಮಪ್ಪನ ಪುಸ್ತಕ ಓದೋರು ಇನ್ನೂ ಇದಾರಾ!" ಎಂದು ಫೋನಿನಲ್ಲೇ ಗಂಟಲು ಕಟ್ಟಿದವರ ದನಿ ನಾನು ಕೇಳಿದ್ದೇನೆ. ಎರಡು ಸಾಲಿನ ಅನುಮತಿ ಪತ್ರ, ಒಂದು ಸಹಿ, ಕೆಲಸ ಮುಗಿಯಿತು. ಕೆಲವರು ಬೇಡ ಎನ್ನುತ್ತಾರೆ. ಆಗ ನಿಲ್ಲಬೇಕು.

ಒಂದು ಪಿಡಿಎಫ್‌ನಿಂದ ಲೇಖಕರಿಗೆ ಅಂಥಾ ನಷ್ಟ ಏನಾಗತ್ತೆ? ನಾನು ಹೇಗೂ ಕೊಳ್ಳೋನು ಅಲ್ಲ.

ಇಳಿಸಿಕೊಂಡ ಪ್ರತಿಯೊಂದೂ ತಪ್ಪಿದ ಮಾರಾಟವೇ ಎಂದು ವಾದಿಸುವುದು ಸುಳ್ಳು. ಆ ಲೆಕ್ಕ ನನಗೂ ಒಪ್ಪಿಗೆಯಿಲ್ಲ. ಆದರೆ ಕನ್ನಡ ಪುಸ್ತಕದ ಗಣಿತ ನೋಡಿ. 200 ರೂಪಾಯಿ ಪುಸ್ತಕ ಅಂದುಕೊಳ್ಳಿ. ಗೌರವಧನ 10 ಪ್ರತಿಶತ, ಅಂದರೆ ಲೇಖಕರಿಗೆ ಪ್ರತಿಗೆ 20 ರೂಪಾಯಿ. ಸಾವಿರ ಪ್ರತಿಯೂ ಖರ್ಚಾದರೆ 20,000. ಅದು ಎರಡು ಮೂರು ವರ್ಷದ ಬರವಣಿಗೆಗೆ ಸಿಕ್ಕ ಪೂರ್ತಿ ಹಣ. ಮಾರಾಟಗಾರರ ರಿಯಾಯಿತಿ, ಕಾಗದ, ಅಚ್ಚು, ಬೈಂಡಿಂಗ್, ಸಾಗಾಟ ಕಳೆದು ಪ್ರಕಾಶಕರ ಕೈಯಲ್ಲಿ ಉಳಿಯುವುದು ಮುಂದಿನ ಪುಸ್ತಕದ ಕಾಗದದ ದುಡ್ಡು, ಅದೂ ಪೂರ್ತಿ ಖರ್ಚಾದರೆ.

ಲಕ್ಷಗಟ್ಟಲೆ ಮಾರುವ ಇಂಗ್ಲಿಷ್ ಪುಸ್ತಕದಲ್ಲಿ ನೂರು ಪ್ರತಿ ಹೋದರೆ ಗೊತ್ತಾಗುವುದಿಲ್ಲ. ಸಾವಿರ ಪ್ರತಿಯ ಪುಸ್ತಕದಲ್ಲಿ ನೂರು ಪ್ರತಿ ನಿಂತರೆ, ಎರಡನೇ ಮುದ್ರಣ ಮಾಡಬೇಕೋ ಬೇಡವೋ ಎಂಬ ತೀರ್ಮಾನವೇ ಬದಲಾಗುತ್ತದೆ. ನೀವು ಕೊಳ್ಳುವವರಲ್ಲ ಎಂಬುದು ನಿಜವೇ ಇರಬಹುದು. ನೀವು ಕಳಿಸಿದ ಇನ್ನೂರು ಜನರಲ್ಲಿ ಹತ್ತು ಜನ ಕೊಳ್ಳುವವರಿದ್ದರು.

ನಾವು ಹಳ್ಳಿ ಕಡೆ ಕಾಲೇಜಿನ್ಯಾಗ ಓದೋರ್ರೀ. ರೆಫರೆನ್ಸ್ ಪುಸ್ತಕ ಒಂದೊಂದು ಸಾವಿರ ರೂಪಾಯಿ. ಜೆರಾಕ್ಸ್ ಮಾಡಸಿದ್ರ ತಪ್ಪೇನ್ರೀ?

ಪಾಠಕ್ಕೆ ಬೇಕಾದಷ್ಟನ್ನು ಪ್ರತಿ ಮಾಡಿಕೊಳ್ಳುವುದು ತಪ್ಪಲ್ಲ. ದಿಲ್ಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಿದಂತೆ ದೊಡ್ಡ ಪ್ರಕಾಶಕರು ಮೊಕದ್ದಮೆ ಹೂಡಿದ್ದರು. ಅಧ್ಯಾಪಕರು ಹೇಳಿದ ಅಧ್ಯಾಯಗಳನ್ನು ಜೋಡಿಸಿ ಅಲ್ಲಿ ವಿದ್ಯಾರ್ಥಿಗಳಿಗೆ ಪ್ರತಿ ಮಾಡಿಕೊಡುತ್ತಿದ್ದರು. 2016ರ ಸೆಪ್ಟೆಂಬರಿನಲ್ಲಿ ದಿಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಪ್ರಕಾಶಕರ ದಾವೆಯನ್ನು ವಜಾ ಮಾಡಿತು. ಡಿಸೆಂಬರಿನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ಬದಿಗಿಟ್ಟು ಕೆಲವು ಅಂಶಗಳನ್ನು ಮರುವಿಚಾರಣೆಗೆ ಕಳಿಸಿತಾದರೂ, ಬೋಧನೆಯ ಉದ್ದೇಶಕ್ಕೆ ಅಗತ್ಯವಿರುವಷ್ಟನ್ನು ಪ್ರತಿ ಮಾಡುವ ಹಕ್ಕನ್ನು ಎತ್ತಿಹಿಡಿಯಿತು. ಮರುವರ್ಷ ಪ್ರಕಾಶಕರು ಮೊಕದ್ದಮೆಯನ್ನೇ ಹಿಂತೆಗೆದುಕೊಂಡರು. ಭಾರತದ ವಿದ್ಯಾರ್ಥಿಗಳಿಗೆ ಸಿಕ್ಕ ದೊಡ್ಡ ಬಲ ಇದು. ನೀವು ಕಳ್ಳರಂತೆ ಅಂಜಬೇಕಾದ್ದಿಲ್ಲ.

ಇಡೀ ಪುಸ್ತಕವನ್ನು ರಟ್ಟು ಹಾಕಿ ಬೈಂಡ್ ಮಾಡಿ ಅಂಗಡಿಯವರು ಕಡಿಮೆ ಬೆಲೆಗೆ ಎಲ್ಲರಿಗೂ ಮಾರುವುದು ಬೇರೆ ಮಾತು. ಅಲ್ಲಿ ಪಾಠವಿಲ್ಲ, ವ್ಯಾಪಾರವಿದೆ. ಸಂಶೋಧನಾ ಪತ್ರಿಕೆಗಳ ವಿಷಯದಲ್ಲಿ ಮೊದಲು ಕಾಲೇಜಿನ ಗ್ರಂಥಪಾಲಕರನ್ನು ಕೇಳಿ. ಕೇಂದ್ರ ಸರ್ಕಾರದ 'ಒಂದು ದೇಶ ಒಂದು ಚಂದಾ' ಯೋಜನೆ 2025ರಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ತೆರೆದಿದೆ.

ಕೋಚಿಂಗ್ ಸೆಂಟರ್ ನೋಟ್ಸ್ ಟೆಲಿಗ್ರಾಂನಲ್ಲಿ ಫ್ರೀಯಾಗಿ ಸಿಗತ್ತೆ. ಚಾನೆಲ್ ನಡೆಸೋರು ಯಾರು ಅಂತ ಯಾರಿಗೂ ಗೊತ್ತಾಗಲ್ಲ ತಾನೆ?

ಗೊತ್ತಾಗುತ್ತದೆ. ಶಿಕ್ಷಕಿಯೊಬ್ಬರು ತಮ್ಮ ಪಾಠಗಳು, ಪುಸ್ತಕಗಳು ಹೀಗೆ ಹಂಚಿಕೆಯಾದುದರ ವಿರುದ್ಧ ಹೂಡಿದ ದಾವೆಯಲ್ಲಿ, ಚಾನೆಲ್ ನಡೆಸುವವರ ಫೋನ್ ನಂಬರು, ಐಪಿ ವಿಳಾಸ ಕೊಡುವಂತೆ 2022ರ ಆಗಸ್ಟ್‌ನಲ್ಲಿ ದಿಲ್ಲಿ ಹೈಕೋರ್ಟು ಟೆಲಿಗ್ರಾಂಗೆ ಆದೇಶಿಸಿತು. ಸರ್ವರು ಸಿಂಗಾಪುರದಲ್ಲಿದೆ ಎಂಬ ವಾದ ನಿಲ್ಲಲಿಲ್ಲ.

ಅಪ್ಪಾಜಿಗೆ ಕಣ್ಣು ಕಾಣಿಸ್ತಿಲ್ಲ. ಅವರಿಗೋಸ್ಕರ ಒಂದು ಕಾದಂಬರಿ ಪೂರ್ತಿ ಓದಿ ರೆಕಾರ್ಡ್ ಮಾಡ್ಬಹುದಾ?

ಧಾರಾಳವಾಗಿ ಮಾಡಿ. 2012ರ ತಿದ್ದುಪಡಿಯಲ್ಲಿ ಸೇರಿದ ಅವಕಾಶದ ಪ್ರಕಾರ, ಅಂಗವೈಕಲ್ಯ ಇರುವವರಿಗೆ ಅನುಕೂಲವಾಗುವ ರೂಪಕ್ಕೆ ಯಾವುದೇ ಕೃತಿಯನ್ನು ಯಾರು ಬೇಕಾದರೂ ಬದಲಾಯಿಸಿ ಅವರಿಗೆ ಕೊಡಬಹುದು. ಅನುಮತಿ ಬೇಡ, ಶುಲ್ಕ ಬೇಡ. ಅದೇ ತೊಂದರೆ ಇರುವ ಬೇರೆಯವರ ಜೊತೆ ಹಂಚಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಈ ವಿಷಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಆ ರೆಕಾರ್ಡಿಂಗನ್ನು ಯೂಟ್ಯೂಬಿಗೆ ಹಾಕಿದರೆ ಮಾತ್ರ ಈ ರಕ್ಷಣೆ ಇರುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲರೂ ಕೇಳುತ್ತಾರೆ.

## ಸಿನಿಮಾ ಮತ್ತು ಸಾಫ್ಟ್‌ವೇರ್

ಹೀರೋ ಎಂಟ್ರಿ ಸೀನ್ ಮೊಬೈಲಲ್ಲಿ ತೆಗ್ದು ಸ್ಟೇಟಸ್ಗೆ ಹಾಕಿದ್ರೆ ಫಿಲಂಗೇ ಪಬ್ಲಿಸಿಟಿ ಅಲ್ವಾ?

2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಓದಿದರೆ ಮೊಬೈಲು ಜೇಬಿಗೆ ಹೋಗುತ್ತದೆ. ಅಕ್ರಮ ಪ್ರತಿ ಮಾಡುವ, ಹರಡುವ ಉದ್ದೇಶದಿಂದ ಚಿತ್ರಮಂದಿರದಲ್ಲಿ ರೆಕಾರ್ಡ್ ಮಾಡಿದರೆ ಮೂರು ತಿಂಗಳಿಂದ ಮೂರು ವರ್ಷ ಜೈಲು, ಕನಿಷ್ಠ 3 ಲಕ್ಷದಿಂದ ಹಿಡಿದು ಚಿತ್ರದ ಒಟ್ಟು ನಿರ್ಮಾಣ ವೆಚ್ಚದ 5 ಪ್ರತಿಶತದವರೆಗೆ ದಂಡ. ಹದಿನೈದು ಸೆಕೆಂಡಿನ ಸ್ಟೇಟಸ್‌ಗೆ ಇಷ್ಟು ದೊಡ್ಡ ಶಿಕ್ಷೆ ಆಗಲಾರದು. ಆದರೆ ಆ ಉದ್ದೇಶ ನಿಮಗಿರಲಿಲ್ಲ ಎಂದು ಸಾಬೀತು ಮಾಡುವ ಪಾಡು ಯಾಕೆ? ಕೈ ತಟ್ಟಿ, ಶಿಳ್ಳೆ ಹೊಡೆಯಿರಿ.

ನಾವಿರೋದು ಜರ್ಮನಿಯಲ್ಲಿ. ಕನ್ನಡ ಸಿನಿಮಾ ಇಲ್ಲಿ ಥಿಯೇಟರ್‌ಗೂ ಬರಲ್ಲ, ಓಟಿಟಿಯಲ್ಲೂ ಇಲ್ಲ. ದುಡ್ಡು ಕೊಡೋಕೆ ರೆಡಿ ಇದ್ರೂ ದಾರಿ ಇಲ್ಲ. ಟೊರೆಂಟ್ ಬಿಟ್ರೆ ಏನು ಮಾಡ್ಬೇಕು?

ನಿಮ್ಮ ಸಿಟ್ಟು ನ್ಯಾಯವಾದದ್ದು. ದೊಡ್ಡ ಓಟಿಟಿ ಸಂಸ್ಥೆಗಳು ಕನ್ನಡ ಚಿತ್ರಗಳನ್ನು ಕೊಳ್ಳುವುದರಲ್ಲಿ ಜಿಪುಣತನ ತೋರಿವೆ. ಕೊಂಡರೂ ಹಲವು ಬಾರಿ ಭಾರತಕ್ಕಷ್ಟೇ ಸೀಮಿತ ಮಾಡುತ್ತವೆ. ದುಡ್ಡು ಕೊಡಲು ಸಿದ್ಧರಿರುವವರಿಗೆ ಬಾಗಿಲು ಮುಚ್ಚಿದರೆ ಅವರು ಹಿತ್ತಿಲಿನಿಂದ ಬರುತ್ತಾರೆ. ಪೈರಸಿಗೆ ಕಾರಣ ಓದುಗರ, ನೋಡುಗರ ದುರಾಸೆ ಒಂದೇ ಎನ್ನುವವರು ಈ ಭಾಗವನ್ನು ಮರೆಯುತ್ತಾರೆ.

ಆದರೆ ನೀವಿರುವ ಜಾಗ ಅಪಾಯದ್ದು. ನಿಮಗೆ ಅನ್ವಯಿಸುವುದು ಜರ್ಮನಿಯ ಕಾನೂನು. ಅಲ್ಲಿ ಟೊರೆಂಟ್ ಬಳಸಿದವರ ವಿಳಾಸಕ್ಕೆ ಹಕ್ಕುದಾರರ ವಕೀಲರಿಂದ ನೂರಾರು ಯೂರೋ ಕೇಳುವ ನೋಟಿಸ್ ಬರುವುದು ಮಾಮೂಲು. ಹೊಸದಾಗಿ ಹೋದ ವಿದ್ಯಾರ್ಥಿಗಳು ಇದರಲ್ಲಿ ಸಿಕ್ಕಿಬೀಳುವುದು ಹೆಚ್ಚು. ಕೆಲಸಕ್ಕೆ ಬರುವ ದಾರಿ ಎಂದರೆ ಕನ್ನಡ ಕೂಟಗಳ ಮೂಲಕ ನಿರ್ಮಾಪಕರನ್ನು ನೇರ ಕೇಳುವುದು. ಯುರೋಪಿನ ಎಷ್ಟೋ ಊರುಗಳಲ್ಲಿ ಕನ್ನಡ ಚಿತ್ರಗಳು ತೆರೆ ಕಂಡದ್ದು ಹೀಗೆಯೇ: ಕೂಟದವರು ಮೊದಲೇ ಟಿಕೆಟ್ ಲೆಕ್ಕ ಹಿಡಿದು ಒಂದು ಪ್ರದರ್ಶನ ಗೊತ್ತು ಮಾಡುತ್ತಾರೆ. ಚಿತ್ರ ಬಂದು ವರ್ಷವಾಗಿದ್ದರೂ ಕೇಳಿ. ಸಣ್ಣ ನಿರ್ಮಾಪಕರಿಗೆ ಆ ದುಡ್ಡು ಸಣ್ಣದಲ್ಲ.

ಬೇಡರ ಕಣ್ಣಪ್ಪದಂಥ ಹಳೇ ಸಿನಿಮಾ ಯೂಟ್ಯೂಬಿಗೆ ಹಾಕೋಕೆ ಯಾರದ್ದಾದ್ರೂ ಪರ್ಮಿಷನ್ ಬೇಕಾ?

ಸಿನಿಮಾಕ್ಕೆ ಹಕ್ಕುಸ್ವಾಮ್ಯ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1954ರ 'ಬೇಡರ ಕಣ್ಣಪ್ಪ'ದ ಅವಧಿ 2014ರ ಕೊನೆಗೆ ಮುಗಿಯಿತು. 1964ರಲ್ಲಿ ಬಂದವು 2025ರ ಜನವರಿಯಿಂದ ಮುಕ್ತ. ಆದರೆ ಚಿತ್ರದ ಹಕ್ಕು ಬೇರೆ, ಅದರೊಳಗಿನ ಸಾಹಿತ್ಯದ್ದು ಬೇರೆ. ಹಾಡು, ಸಂಭಾಷಣೆ ಬರೆದವರು, ಸಂಗೀತ ಕೊಟ್ಟವರು ಆಮೇಲೂ ಬಹಳ ವರ್ಷ ಬದುಕಿದ್ದರೆ ಅವರ ಹಕ್ಕು ಅವರ ಮರಣದ ನಂತರದ 60 ವರ್ಷ ಎಂದೇ ನಡೆಯುತ್ತದೆ. ಇಡೀ ಚಿತ್ರ ತೋರಿಸುವುದಕ್ಕೂ ಅದರ ಹಾಡನ್ನು ಕಿತ್ತು ರೀಲ್ಸ್, ರೀಮಿಕ್ಸ್ ಮಾಡುವುದಕ್ಕೂ ಇರುವ ವ್ಯತ್ಯಾಸ ಇದೇ. ಯೂಟ್ಯೂಬಿನ ಯಂತ್ರಕ್ಕೆ ಇದ್ಯಾವುದೂ ಅರ್ಥವಾಗುವುದಿಲ್ಲ, ದೂರು ಬಂದರೆ ತೆಗೆದುಹಾಕುತ್ತದೆ. ವರ್ಷದ ದಾಖಲೆ ಕೈಯಲ್ಲಿರಲಿ.

ನಮ್ದು ಚಿಕ್ಕ ಡಿಟಿಪಿ ಸೆಂಟರ್. ಪೇಜ್‌ಮೇಕರು, ಫೋಟೊಶಾಪು ಎಲ್ಲ ಕ್ರ್ಯಾಕ್ ಮಾಡಿದ್ದೇ. ಇಡೀ ಊರಲ್ಲೇ ಹಾಗೆ. ಏನಾಗತ್ತೆ?

ಸಾಫ್ಟ್‌ವೇರಿಗೆ ಕಾನೂನು ಇನ್ನೂ ಬಿಗಿ. ಇಲ್ಲಿ ಹಂಚಬೇಕೆಂದಿಲ್ಲ, ಕಳ್ಳಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೇ ಅಪರಾಧ. ಸೆಕ್ಷನ್ 63ಬಿ ಪ್ರಕಾರ ಏಳು ದಿನದಿಂದ ಮೂರು ವರ್ಷ ಜೈಲಿದೆ. ಲಾಭದ ಉದ್ದೇಶ ಇಲ್ಲದಿದ್ದರೆ ದಂಡದಲ್ಲಿ ಮುಗಿಯಬಹುದು, ಆದರೆ ನಿಮ್ಮದು ಅಂಗಡಿ.

ಭಯ ಬಿಡಿ, ಕಸುಬಿನ ದೃಷ್ಟಿಯಿಂದ ಹೇಳುತ್ತೇನೆ. ಹಳೆಯ ಪೇಜ್‌ಮೇಕರ್, ಹಳೆಯ ಆಸ್ಕಿ ಫಾಂಟುಗಳಲ್ಲಿ ಮಾಡಿದ ಸಾವಿರಾರು ಕನ್ನಡ ಪುಸ್ತಕಗಳು ಇವತ್ತು ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು. ಇ-ಪುಸ್ತಕ ಮಾಡಬೇಕೆಂದರೆ ಮೊದಲಿನಿಂದ ಪರಿವರ್ತಿಸಿ ಪುಟ ಪುಟ ತಿದ್ದಬೇಕು. ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿರುತ್ತವೆ. ಕ್ರ್ಯಾಕ್ ಪ್ರತಿಗೆ ಅಪ್‌ಡೇಟ್ ಬರುವುದಿಲ್ಲ, ಹಾಗಾಗಿ ಅಂಗಡಿಗಳು ಇಪ್ಪತ್ತು ವರ್ಷ ಹಿಂದೆಯೇ ನಿಂತಿವೆ. ಸ್ಕ್ರೈಬಸ್, ಇಂಕ್‌ಸ್ಕೇಪ್, ಗಿಂಪ್, ಲಿಬ್ರೆಆಫೀಸ್ ಉಚಿತ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಕೆಡದ ಯೂನಿಕೋಡಿನ ಒಳ್ಳೆಯ ಕನ್ನಡ ಫಾಂಟುಗಳೂ ಈಗ ಮುಕ್ತವಾಗಿ ಸಿಗುತ್ತವೆ. ಕಲಿಯಲು ಒಂದಷ್ಟು ದಿನ ಹೋಗುತ್ತದೆ, ನಿಜ.

## ಇನ್ನೂ ಆಳಕ್ಕೆ

ಕೋರ್ಟು ಇವತ್ತು ಬ್ಲಾಕ್ ಮಾಡಿದ ಸೈಟು ನಾಳೆ ಬೇರೆ ಹೆಸರಲ್ಲಿ ಬರತ್ತೆ. ಏನು ಉಪಯೋಗ?

ಆ ಕಷ್ಟಕ್ಕೆಂದೇ ದಿಲ್ಲಿ ಹೈಕೋರ್ಟು 2019ರ ಏಪ್ರಿಲ್‌ನಲ್ಲಿ ಯುಟಿವಿ ಪ್ರಕರಣದಲ್ಲಿ ಹೊಸ ಬಗೆಯ ತಡೆಯಾಜ್ಞೆ ಕೊಟ್ಟಿತು. ಅದೇ ಸೈಟು ಹೆಸರು ಬದಲಿಸಿಕೊಂಡು ಬಂದರೆ ಹೊಸ ದಾವೆ ಬೇಡ, ಹಳೆಯ ಆದೇಶಕ್ಕೇ ಸೇರಿಸಬಹುದು. ಎದುರಾಳಿ ಯಾರೆಂದು ಗೊತ್ತಿಲ್ಲದಿದ್ದರೆ 'ಅಶೋಕ್ ಕುಮಾರ್' ಎಂಬ ಕಲ್ಪಿತ ಹೆಸರಿನ ಮೇಲೂ ಆದೇಶ ಪಡೆಯುತ್ತಾರೆ. ಸಿನಿಮಾಗಳಿಗಾದರೆ ಕೋರ್ಟಿಗೇ ಹೋಗಬೇಕೆಂದಿಲ್ಲ. 2023ರ ನವೆಂಬರಿನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ನೋಡಲ್ ಅಧಿಕಾರಿಗಳನ್ನು ನೇಮಿಸಿತು. ದೂರು ಸಿಕ್ಕ 48 ಗಂಟೆಯೊಳಗೆ ಕ್ರಮ ಎಂಬುದು ವ್ಯವಸ್ಥೆ.

ತಡೆ ಹಾಕುವ ಅವಸರದಲ್ಲಿ ಅಮಾಯಕರಿಗೂ ಪೆಟ್ಟು ಬೀಳುತ್ತದೆ. 2012ರಲ್ಲಿ ಮದ್ರಾಸ್ ಹೈಕೋರ್ಟಿನ ಒಂದು ಸಿನಿಮಾ ಆದೇಶದಿಂದಾಗಿ ವಿಮಿಯೊ, ಪೇಸ್ಟ್‌ಬಿನ್‌ನಂಥ ತಾಣಗಳೇ ಮುಚ್ಚಿಹೋಗಿದ್ದವು. ಇಡೀ ಸೈಟಿನ ಬದಲು ನಿರ್ದಿಷ್ಟ ಕೊಂಡಿಗಳಿಗೆ ತಡೆ ಕೇಳುವುದು ಲೇಸು.

ಪೈರಸಿ ಮಾಡಿದ್ರೆ ಗೂಂಡಾ ಕಾಯ್ದೆ ಹಾಕ್ತಾರಂತೆ. ಹೌದಾ?

ಕರ್ನಾಟಕದಲ್ಲಿ ಅದಕ್ಕೆ ಅವಕಾಶವಿದೆ. 1985ರ ಗೂಂಡಾ ಕಾಯ್ದೆಯ ವ್ಯಾಪ್ತಿಯಲ್ಲಿ ವಿಡಿಯೊ, ಆಡಿಯೊ ಪೈರಸಿ ಮಾಡುವವರೂ ಇದ್ದಾರೆ. 2014ರ ತಿದ್ದುಪಡಿ 'ಡಿಜಿಟಲ್ ಅಪರಾಧಿ'ಗಳನ್ನೂ ಸೇರಿಸಿತು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿ ಇಡಬಹುದಾದ ಕಾಯ್ದೆ ಇದು. ಚಿತ್ರರಂಗದವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಹಕ್ಕುಸ್ವಾಮ್ಯದ ಅಪರಾಧಕ್ಕೆ ವಿಚಾರಣೆಯೇ ಇಲ್ಲದ ಬಂಧನ ಅತಿಯಾಯಿತು. ಸೆಕ್ಷನ್ 63 ಇರುವಾಗ, ಪೊಲೀಸರು ಅದನ್ನು ಸರಿಯಾಗಿ ಬಳಸಿದರೆ ಬೇರೆ ಆಯುಧ ಬೇಕಿಲ್ಲ.

ಪಂಪ, ಬಸವಣ್ಣ ಯಾರೂ ಕಾಪಿರೈಟ್ ಕೇಳಲಿಲ್ಲ. ಜ್ಞಾನಕ್ಕೆ ಬೇಲಿ ಹಾಕೋದೇ ನಮ್ಮ ಸಂಸ್ಕೃತಿ ಅಲ್ಲ. ಏನಂತೀರಿ?

ಮಾತು ಅರ್ಧ ಸರಿ. ಹಕ್ಕುಸ್ವಾಮ್ಯ ಆಧುನಿಕ ಕಾನೂನು, ಮತ್ತು ಅದರ 60 ವರ್ಷದ ಅವಧಿ ಅತಿ ದೀರ್ಘ ಎಂಬುದು ನನ್ನ ಅಭಿಪ್ರಾಯ ಕೂಡ. ಆದರೆ ಹಳೆಯ ಕನ್ನಡದಲ್ಲಿ ಬರೆದವರನ್ನು ಬರಿಗೈಲಿ ಕಳಿಸುತ್ತಿರಲಿಲ್ಲ. ಪಂಪನಿಗೆ ಅರಿಕೇಸರಿ ಅಗ್ರಹಾರವನ್ನೇ ಕೊಟ್ಟ. ವಚನಕಾರರು ಅಂಕಿತವಿಲ್ಲದೆ ವಚನ ಬಿಡಲಿಲ್ಲ.

ಹಂಚುವುದರ ಆದರ್ಶ ಬೇಕೆಂದರೆ ಅತ್ತಿಮಬ್ಬೆ ಇದ್ದಾಳೆ. ಹತ್ತನೇ ಶತಮಾನದ ಕೊನೆಯಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಸಿ ಹಂಚಿದಳು ಎಂದು ನಾವೆಲ್ಲ ಓದಿದ್ದೇವೆ. ಪುಸ್ತಕ ಎಲ್ಲರಿಗೂ ಸಿಗಬೇಕು ಎನ್ನುವವಳೇ ಅದರ ಖರ್ಚನ್ನೂ ಹೊತ್ತಳು. ಈಗ ಇನ್ನೊಬ್ಬರ ದುಡಿಮೆಯನ್ನು ಹಂಚಿ ಹೆಸರು ಪಡೆಯುವವರು ಅವಳ ಹೆಸರು ಎತ್ತಬಾರದು. ಇಷ್ಟವಾದ ಪುಸ್ತಕದ ಹತ್ತು ಪ್ರತಿ ಕೊಂಡು ಊರ ಶಾಲೆಗೆ ಕೊಡುವವರು ಧೈರ್ಯವಾಗಿ ಎತ್ತಲಿ.

ಅಂದಹಾಗೆ, ಕವಿಯ ಹೆಸರು ಕತ್ತರಿಸಿ ಕವನವನ್ನು ಫಾರ್ವರ್ಡ್ ಮಾಡುವುದೂ ಕಾನೂನುಬಾಹಿರ. ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಸೆಕ್ಷನ್ 57 ಲೇಖಕರಿಗೆ ಬೇರೆಯಾಗಿಯೇ ಕೊಟ್ಟಿದೆ. ಕೃತಿಯ ಹಕ್ಕನ್ನು ಮಾರಿದ ಮೇಲೂ ಅದು ಅವರ ಬಳಿಯೇ ಇರುತ್ತದೆ.

ನನ್ನದೇ ಕಥಾಸಂಕಲನ ಟೆಲಿಗ್ರಾಂನಲ್ಲಿ, ಎರಡು ಸೈಟಲ್ಲಿ ಸಿಕ್ತು. ದುಃಖ ಆಗ್ತಿದೆ. ಎಲ್ಲಿಂದ ಶುರು ಮಾಡ್ಲಿ?

ಮೊದಲು ಸಾಕ್ಷ್ಯ. ಕೊಂಡಿ, ಚಾನೆಲ್ ಹೆಸರು, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗುಂಪಿನಲ್ಲಿ ಜಗಳಕ್ಕೆ ಇಳಿದರೆ ಫೈಲು ಬೇರೆಡೆ ಹೋಗುತ್ತದೆ, ಹೆಚ್ಚು ಜನರಿಗೂ ಗೊತ್ತಾಗುತ್ತದೆ. ಪ್ರಕಾಶಕರ ಜೊತೆಗಿನ ಒಪ್ಪಂದ ತೆಗೆದು ಡಿಜಿಟಲ್ ಹಕ್ಕು ಯಾರ ಬಳಿ ಇದೆ ನೋಡಿ, ದೂರು ಕೊಡಬೇಕಾದವರು ಅವರೇ.

ಆಮೇಲೆ ತಾಣದ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ಕೃತಿಯ ವಿವರ, ಅದು ನಿಮ್ಮದೆಂಬ ದಾಖಲೆ, ಅಕ್ರಮ ಪ್ರತಿಯ ನಿಖರ ಕೊಂಡಿ, ನೀವು ಅನುಮತಿ ಕೊಟ್ಟಿಲ್ಲ ಎಂಬ ಮಾತು ಅದರಲ್ಲಿರಬೇಕು. 2013ರ ಹಕ್ಕುಸ್ವಾಮ್ಯ ನಿಯಮಗಳ 75ನೇ ನಿಯಮದಂತೆ, ದೂರು ಸರಿಯಿದ್ದರೆ ತಾಣದವರು 36 ಗಂಟೆಯೊಳಗೆ ಆ ಪ್ರತಿ ಸಿಗದಂತೆ ಮಾಡಬೇಕು. 21 ದಿನದೊಳಗೆ ನೀವು ಕೋರ್ಟಿನ ಆದೇಶ ತಾರದಿದ್ದರೆ ಅವರು ಅದನ್ನು ಮತ್ತೆ ತೆರೆಯಬಹುದು ಎಂಬುದನ್ನೂ ನೆನಪಿಡಿ. ಗೂಗಲ್ ಹುಡುಕಾಟದಿಂದ ಕೊಂಡಿ ತೆಗೆಸಲು ಪ್ರತ್ಯೇಕ ಅರ್ಜಿ ನಮೂನೆ ಇದೆ, ಅದನ್ನೂ ತುಂಬಿ. ಯಾರಾದರೂ ದುಡ್ಡು ತೆಗೆದುಕೊಂಡು ಮಾರುತ್ತಿದ್ದರೆ ಸೈಬರ್ ಠಾಣೆಗೆ ಹೋಗಿ, ಸೆಕ್ಷನ್ 63 ಬರೆಯಿಸಿ.

ಇನ್ನೊಂದು ಕೆಲಸವನ್ನು ಇದರ ಜೊತೆಗೇ ಮಾಡಿ. ನಿಮ್ಮ ಪುಸ್ತಕ ಕಾನೂನುಬದ್ಧವಾಗಿ ಡಿಜಿಟಲ್ ರೂಪದಲ್ಲಿ ಎಲ್ಲಾದರೂ ಸಿಗುತ್ತದೆಯೇ? ಮೈಲ್ಯಾಂಗ್‌ನಂಥ ಕನ್ನಡದ್ದೇ ವೇದಿಕೆಗಳು ಇ-ಪುಸ್ತಕ, ಕೇಳುಪುಸ್ತಕ ಮಾರುತ್ತಿವೆ. ಇಲ್ಲದಿದ್ದರೆ ಮೊದಲು ಅಲ್ಲಿ ಕೊಡಿ. ದೂರು ಕೊಟ್ಟು ಕಳ್ಳಪ್ರತಿ ತೆಗೆಸಿದ ದಿನವೇ, ಅದೇ ಗುಂಪಿನಲ್ಲಿ ಕೊಳ್ಳುವ ಕೊಂಡಿ ಹಾಕಿ. ಪಿಡಿಎಫ್ ಇಳಿಸಿಕೊಂಡಿದ್ದ ಕೆಲವರಾದರೂ ಕೊಳ್ಳುತ್ತಾರೆ.